ಯಾರದ್ದೂ ಅಲ್ಲದ ವಿಳಾಸ

ತೊಡೆಯ ಕೆಳಗೆ ಫೋನು ಮತ್ತೆ ಗುಂಯ್‌ಗುಟ್ಟಿತು, ಚಾಪೆಗುಂಟ ಪಕ್ಕದ ಅತ್ತೆಗೂ ತಿಳಿಯಿತೇನೋ, ಕಣ್ಣು ಬಿಡುತ್ತಿದ್ದಾಳೆ — ಆಪಿಯಾ ಪಟ್ಟಣದ ಆಸ್ಪತ್ರೆಯಿಂದ ಬ್ರೆಟ್ಟೇ ಇರಬೇಕು, ನಾನು ಕಟ್ಟಿದ ಕಂಪ್ಯೂಟರ್ ಜಾಲ ನೋಡಿಕೊಳ್ಳುವ ಬಿಳಿಯ, ಇವತ್ತೇ ಕರೆಯಬೇಕಿತ್ತೆ ಈ ಮಹಾರಾಯ, ತೀರಿಕೊಂಡ ಅಪ್ಪನ ಪಟ್ಟದ ಹೆಸರು ಯಾರಿಗೆ ಎಂದು ಇಡೀ ಬಳಗ ಕೂತಿರುವಾಗ, ಆವಾ ಪಾನೀಯ ಕದಡುತ್ತಿರುವಾಗ ಫೋನು ಮುಟ್ಟಿದರೆ ಮುಗಿಯಿತು, ಲೂಪೆ ಕೈ ಕಟ್ಟಿಕೊಂಡಳು, ತೋಆಲೆಪಾ, ಎಷ್ಟು ಚೆಂದದ ಹೆಸರು, ಅಪ್ಪನಿಗೆ ಮೊದಲು ಅಜ್ಜ ತೋಆಲೆಪಾ, ಅಜ್ಜನಿಗೆ ಮೊದಲು ಅವನ ಅಕ್ಕ, ನನಗೆ ಬೇಕು, ಹೌದು, ಬೇಕೇ ಬೇಕು, ಅದರಲ್ಲೇನು ನಾಚಿಕೆ — ಅಪ್ಪ ಒರಗುತ್ತಿದ್ದ ಕಂಬ ಬೆನ್ನಿನ ಎಣ್ಣೆ ಹತ್ತಿ ಹೊಳೆಯುತ್ತಿದೆ, ಅಲ್ಲಿ ಕೂರುವ ಧೈರ್ಯ ಪೇಸೇತಾ ಚಿಕ್ಕಪ್ಪನಿಗಿಲ್ಲ, ಆಸೆ ಮಾತ್ರ ಬೆಟ್ಟದಷ್ಟು, ತಂತಿಪೆಟ್ಟಿಗೆ ಕಾಯೋಳು ಬಳಗ ಕಾಯ್ತಾಳಾ ಅಂದುಬಿಟ್ಟ ಆಗಲೇ, ಎಲ್ಲರೂ ನಕ್ಕರು, ಬಲವಂತವಾಗಿ ಅವಳೂ ನಕ್ಕಳು. ಮತ್ತೆ ಗುಂಯ್, ಓರೆಗಣ್ಣಲ್ಲಿ ಓದುತ್ತಾಳೆ — ಲೂಪೆ, ಸಣ್ಣ ರೂಟರಿನ ತಂತಿಯಲ್ಲಿ ಹೊಸ ವಿಳಾಸವೊಂದು ಕಾಣ್ತಿದೆ, ನಮ್ಮ ಯಾವ ಪೆಟ್ಟಿಗೆ ಮೈಮೇಲೂ ಈ ಅಂಕಿ ಇಲ್ಲ, ಯಾರೋ ಕಳ್ಳ ನುಗ್ಗಿದ್ದಾನೆ, ಮುಚ್ಚಿಬಿಡ್ತೀನಿ — ಸೊನ್ನೆ ಸೊನ್ನೆ, ಸೊನ್ನೆ ಸೊನ್ನೆ, ಐದು ಇ, ಸೊನ್ನೆ ಸೊನ್ನೆ, ಸೊನ್ನೆ ಒಂದು, ಕೊನೆಗೆ ಸೊನ್ನೆ ಎ, ಅಯ್ಯೋ ದೇವರೇ, ಆ ಎ ಅಂದರೆ ಯಂತ್ರದ ಲೆಕ್ಕದಲ್ಲಿ ಹತ್ತು, ಎರಡು ರೂಟರುಗಳ ಹತ್ತನೇ ಗುಂಪು, ಅವಳೇ ಕೈಯಾರೆ ಕೊಟ್ಟ ಸಂಖ್ಯೆ, ಮುಚ್ಚಿದರೆ ಆಸ್ಪತ್ರೆಗೆ ಹೊರದಾರಿಯೇ ಇಲ್ಲ, ಪಟ್ಟ ಹೋದರೆ ಹೋಗಲಿ. ಫೋನು ಎತ್ತಿ ಕರೆ ಹಚ್ಚಿದಳು, ಎಲ್ಲರೆದುರೂ. ಮುಚ್ಬೇಡ ಬ್ರೆಟ್, ಕೈ ತೆಗಿ, ಅದು ಕಳ್ಳನೂ ಅಲ್ಲ, ಯಾವ ಒಂದು ಪೆಟ್ಟಿಗೇದೂ ಅಲ್ಲ, ಎರಡು ರೂಟರಿಗೂ ಸೇರಿದ್ದು, ಮೊದಲಿನ ಸೊನ್ನೆಗಳು, ಆ ಐದು ಇ, ಸೊನ್ನೆ ಒಂದು, ಅಷ್ಟು ನೋಡಿದ್ರೆ ಸಾಕು, ಗೊತ್ತಾಗುತ್ತೆ, ದೊಡ್ಡದು ಸತ್ತಿರ್ಬೇಕು ನೋಡು, ಸಣ್ಣದು ಅದರ ಕೆಲ್ಸ ಎತ್ಕೊಂಡಿದೆ — ಹೌದಂತೆ, ಈಗ ನೋಡಿದನಂತೆ, ಬೆಳಿಗ್ಗೆಯೇ ಒಳಗೆ ಹಲ್ಲಿ ಹೊಕ್ಕು ಸುಟ್ಟುಹೋಗಿದೆಯಂತೆ, ಆಸ್ಪತ್ರೆಯಲ್ಲಿ ಒಬ್ಬರಿಗೂ ಗೊತ್ತಾಗಿಲ್ಲವಂತೆ, ಒಬ್ಬರಿಗೂ! ಎದೆ ಉಬ್ಬಿತು, ನಾನು ಕಟ್ಟಿದ್ದು, ನನ್ನ ಕೆಲಸ, ಆಮೇಲೆ ಕಂಡದ್ದು ಸುತ್ತಲಿನ ಮುಖಗಳು, ಎಲ್ಲ ಕಲ್ಲು. ನೋಡಿದ್ರಾ, ಚಿಕ್ಕಪ್ಪನ ದನಿ, ಹಿರಿಯರ ಮುಂದೆ ಹರಟೆ! ಹರಟೆ ಅಲ್ಲ, ಆಸ್ಪತ್ರೆ ಉಳಿಸ್ದೆ, ಎನ್ನುತ್ತಾಳೆ. ಹಲ್ಲಿಲ್ಲದ ಹಿರಿಯಜ್ಜ, ಸಭೆಯ ಮಾತುಗಾರ, ಕೋಲು ಊರಿ ಮುಂದೆ ಬಾಗಿದ — ಏನೇ ಮಗಾ, ಸತ್ತ ಪೆಟ್ಟಿಗೆಯ ಹೆಸರಿಗೆ ಬದುಕಿರೋ ಪೆಟ್ಟಿಗೆ ಓಗೊಡುತ್ತಾ? ಹೂಂ ಅಜ್ಜ. ಕರೆದೋರಿಗೆ ಗೊತ್ತೇ ಆಗಲ್ವಾ? ಆಗಬಾರ್ದು ಅಜ್ಜ, ಅದೇ ನನ್ನ ಕೆಲ್ಸ. ಇಷ್ಟು ಸಣ್ಣ ವಿಷಯ ಆ ಬಿಳಿಯನಿಗೆ ಅರ್ಥವಾಗಲಿಲ್ವಾ, ಅಜ್ಜ ಬಾಯಿ ತುಂಬ ನಕ್ಕ, ಆಮೇಲೆ ನಗು ನಿಲ್ಲಿಸಿ ಚಿಕ್ಕಪ್ಪನನ್ನು ನೋಡಿದ, ನೋಡುತ್ತಲೇ ಇದ್ದ, ಚಿಕ್ಕಪ್ಪ ಚಾಪೆಯ ಅಂಚು ಕಿತ್ತು ಕಿತ್ತು ಕೊನೆಗೆ, ನಾನೇನು ಬೇಡ ಅಂದ್ನಾ, ಎನ್ನುತ್ತಾನೆ. ತೆಂಗಿನ ಚಿಪ್ಪಿಗೆ ಆವಾ ತುಂಬುವ ಸದ್ದು, ಬಟ್ಟಲು ಯಾರಿಗೋ ಅವರ ಪಟ್ಟದ ಹೆಸರನ್ನು ಕೂಗಿಯೇ ಕೊಡಬೇಕು, ಕೂಗುವವನು ಎದ್ದ, ಉಸಿರೆಳೆದುಕೊಂಡ — ತೋಆಲೆಪಾ! — ಲೂಪೆ ತಟ್ಟನೆ ಕಂಬದತ್ತ ತಿರುಗಿದಳು, ಅಪ್ಪ ಕೈ ತಟ್ಟಿ ಓಗೊಡಲಿ ಎಂದು, ಕಂಬ ಬರಿದು, ಮತ್ತೆ ಕೂಗು, ತೋಆಲೆಪಾ, ಮತ್ತು ಆ ಬಟ್ಟಲು, ತುಳುಕುತ್ತ, ಅವಳ ಮೊಣಕಾಲಿನ ಮುಂದೆ ಬಂದು ನಿಂತ ಬಟ್ಟಲು.