ಕಾಲು ಹೆಚ್ಚಾಗೈತಿ

ತುಳಜಾಬಾಯಿ ಬಾಯಾಗ ‘ಇಲ್ಲ’ ಅನ್ನೂ ಮಾತು ಬರ್ತಿದ್ದಿಲ್ಲ. ಗಡಿಗ್ಯಾಗ ಜ್ವಾಳ ತೀರಿದ್ರ ‘ಜ್ವಾಳ ಹೆಚ್ಚಾಗ್ಯಾವ’ ಅಂತಿದ್ಲು. ಬಳಿ ಒಡದ್ರ ‘ಬಳಿ ಹೆಚ್ಚಾತು’, ದೀಪ ಆರಸೂದಿದ್ರ ‘ದೀಪ ದೊಡ್ಡದ ಮಾಡು’. ಇದೇನು ಆಕಿ ಒಬ್ಬಾಕಿ ಕಟ್ಟಿದ ಕಾಯ್ದೆ ಅಲ್ಲ, ಕುರನೂರ ಹೆಣ್ಮಕ್ಕಳೆಲ್ಲಾ ಹಂಗ. ತುಂಬಿದ ಮನ್ಯಾಗ ‘ಇಲ್ಲ’ ಅಂದ್ರ, ಮ್ಯಾಲ ಅಸ್ತು ಅನ್ನೂ ದೇವತಿಗೋಳು ಸುಮ್ಮನ ಕುಂತಿರ್ತಾವೇನು? ಆದ್ರ ಉಳದವರು ಜ್ವಾಳಕ್ಕ, ಬಳಿಗೆ ಅಂದು ಬಿಟ್ರು. ತುಳಜಾಬಾಯಿ ಗಂಡನ ಕಾಲಿಗೂ ಅಂದ್ಲು.

ಗಂಡ ಖಂಡಪ್ಪ ಕುರಿ ಕಾಯಾವ. ಎರಡು ವರ್ಸದ ಹಿಂದ ಬೋರಿ ಹೊಳಿ ದಂಡ್ಯಾಗ ಎಡಗಾಲ ಹಿಮ್ಮಡಕ್ಕ ಜಾಲಿ ಮುಳ್ಳು ನಟ್ಟಿತ್ತು. ಮುಳ್ಳಿಗೇನು ದವಾಖಾನಿ ಅಂತ ತೊಪ್ಪಲಾ ಅರದು ಕಟ್ಕೊಂಡು ಅಡ್ಡಾಡಿದ. ಕಾಲು ಕೊಳೀತು. ಸೊಲ್ಲಾಪುರದಾಗ ಡಾಕ್ಟರು ಮೊಣಕಾಲ ಮ್ಯಾಲಿಂದ ಕಡದ್ರು. ಆವಾಗಿಂದ ಯಾರರೆ ಬೀಗರು ಬಂದು “ನಿಮ್ಮವರ ಕಾಲು ಹೆಂಗೈತ್ಯವಾ?” ಅಂದ್ರ ಆಕಿ “ಹೆಚ್ಚಾಗೈತ್ರಿ” ಅಂತಿದ್ಲು. ಮೊದಮೊದಲ ಖಂಡಪ್ಪ ನಗತಿದ್ದ. ಆಮ್ಯಾಲಾಮ್ಯಾಲ ಗ್ವಾಡಿ ಕಡೆ ಮಾರಿ ತಿರುವಿ ಮಲಗತಿದ್ದ.

ಕುರಿ ತಮ್ಮನ ಪಾಲಿಗೆ ಹೋದವು. ಖಂಡಪ್ಪಗ ಉಳದದ್ದು ಮಾತಾಡೂ ಬಾಯಿ ಒಂದ. ಆಕಿ ಉಣ್ಣಿ ನೂಲಬೇಕು, ನೇಯಿಸಬೇಕು, ಅಂವಾ ಹದಿನೈದು ದಿನಕ್ಕೊಮ್ಮೆ ಸೊಲ್ಲಾಪುರದ ಕಂಬಳಿ ಬಜಾರದಾಗ ಕುಂತು ಮಾರಬೇಕು. ಮಾರಾಕ ಕುಂತನಂದ್ರ ಬ್ಯಾಸಗಿ ಬಿಸಲಾಗೂ ಕಂಬಳಿ ಹೊಚ್ಚಿ ಕಳಸಾವ. ಆ ಜಾಗಾ ಒಂದ ಅಂವನ್ನ ಮನಶಾ ಅನ್ನಿಸಿ ಇಟ್ಟಿತ್ತು. ಅದೂ ಹೋತಂದ್ರ ಮನ್ಯಾಗ ಕುಂತು ನೊಣಾ ಹೊಡೀಬೇಕು, ಕುಂತು ಉಣ್ಣೂ ಗಂಡಸು ಅಂವಾ ಅಲ್ಲ. ಅದು ತುಳಜಾಬಾಯಿಗೆ ಗೊತ್ತಿತ್ತು.

ಭಾಷಾ ನೋಡಿ ರಾಜ್ಯ ಹಂಚಿಕಿ ಆದ ಮರು ವರ್ಸ ಹೊಸಾ ಕಾಯ್ದೆ ಬಂತು. ಎತ್ತಿನ ಗಾಡಿ ಬಜಾರದೊಳಗ ಬರಬಾರದು, ಅರ್ಧಾ ಮೈಲಿ ಆಚೆ ಸುಂಕದ ನಾಕಾದಾಗ ಬಿಡಬೇಕು. ತುಳಜಾಬಾಯಿ ಗಾಡಿ ಬಿಟ್ಟು, ಕಂಬಳಿ ಗಂಟು ತಲಿಮ್ಯಾಲ ಹೊತ್ತು ಬಜಾರಕ್ಕ ಇಳಿಸಿ, ತಿರಗಿ ಬಂದು ಗಂಡನ್ನ ಕರಕೊಂಡು ಹೋಗ್ತಿದ್ಲು. ಕಂಕುಳಾಗಿನ ಬಡಗಿ ಕೋಲು ಊರಿ ಊರಿ ಅಂವಾ ಮುಟ್ಟೂದ್ರಾಗ ಮಧ್ಯಾಹ್ನ. ಚಲೋ ಗಿರಾಕಿ ಅಷ್ಟೊತ್ತಿಗೆ ಮನಿ ಸೇರಿರ್ತಿದ್ರು. ಆರು ತಿಂಗಳು ಹಿಂಗ ನಡೀತು, ಆಕಿ ಕುತಗಿ ಹೊಳ್ಳಸಾಕ ಬರದಂಗಾತು.

ಒಂದಿನ ನಾಕಾದವ ಆಕಿ ಪಾಡು ನೋಡಲಾರದ ಹೇಳಿದ: “ಅಪಂಗ ಮನಶಾನ ಗಾಡಿಗೆ ಬಜಾರದ ಬಾಗಲಾಗ ನಿಲ್ಲಾಕ ಪರವಾನಗಿ ಕೊಡ್ತಾರವಾ. ಗಾಡಿ ಕಚೇರಿಗೆ ಅರ್ಜಿ ಹಾಕು.”

ಆ ಗಾಡಿ ಕಚೇರಿ ಎಲ್ಲೈತಂತೀರಿ? ಬಜಾರದ ನಟ್ಟನಡುವ, ಅಟ್ಟದ ಮ್ಯಾಲ. ಕುಂಟನ ಗಾಡಿಗೆ ಪರವಾನಗಿ ಬೇಕಂದ್ರ ಕುಂಟ ಅರ್ಧಾ ಮೈಲಿ ನಡದು ಹದಿನೆಂಟು ಮೆಟ್ಟಲಾ ಹತ್ತಬೇಕು. ಯಾ ಪುಣ್ಯಾತ್ಮನ ತಲ್ಯಾಗ ಹುಟ್ಟಿತ್ತೋ ಏನೋ. ಅದಕ್ಕ ಆಕಿ ಒಬ್ಬಾಕಿನ ಹೋದ್ಲು. ಒಂದ್ಸಲ ಹೋದ್ರ ಸಾಹೇಬ ಇಲ್ಲ, ಇನ್ನೊಂದ್ಸಲ ಹೋದ್ರ ಛಾಪಾ ಕಾಗದ ಇಲ್ಲ. ಮೂರನೇ ಸಲ ಕಾರಕೂನ ಸಿಕ್ಕ. ಮರಾಠಿ ಮನಶಾ, ಮೂಗಿನ ತುದಿಗೆ ಚಸ್ಮಾ, ಬರಕೋತನ ಮಾತಾಡಾವ.

“ನವರ್ಯಾಚ್ಯಾ ಪಾಯಾಲಾ ಕಾಯ ಝಾಲಂ, ಬಾಈ?” ಗಂಡನ ಕಾಲಿಗೇನಾಗೈತಿ ಅಂತ ಕೇಳಿದ.

ಬಜಾರದಷ್ಟು ಮರಾಠಿ ಆಕಿಗೂ ಬರ್ತಿತ್ತು. “ವಾಢಲಾ, ಸಾಹೇಬ” ಅಂದ್ಲು. ಹೆಚ್ಚಾಗೈತಿ.

ಕಾರಕೂನ ಲೇಖಣಿ ನಿಲ್ಲಿಸಿದ. ಎಷ್ಟು ಅಂತ ಕೇಳಿದ. ಎಲ್ಲಿ ಮಟಾ ಕಡದಾರ ಅಂತ ಕೇಳತಾನಂತ ತಿಳದು ಆಕಿ ಮೊಣಕಾಲ ಮ್ಯಾಲ ಕೈ ಇಟ್ಟು ತೋರಿಸಿದ್ಲು. ಅಂವಾ ಲೊಚಗುಟ್ಟಿ ಕುರ್ಚಿ ಒಂದೀಟು ಹಿಂದ ಸರಿಸಿಕೊಂಡ. ಏನೋ ಬರದು ಹೆಬ್ಬಟ್ಟು ಒತ್ತಿಸಿಕೊಂಡ. ಪಾಪ, ಕರುಳಿದ್ದ ಮನಶಾ ಅನ್ಕೋತ ತುಳಜಾಬಾಯಿ ಮೆಟ್ಟಲಾ ಇಳದ್ಲು.

ತಿಂಗಳ ಮ್ಯಾಲ ಕುರನೂರಿಗೆ ಟಪಾಲು ಬಂತು. ಸಾಲಿ ಮಾಸ್ತರ ಬಸಯ್ಯನವರು ಕಟ್ಟಿಮ್ಯಾಲ ಕುಂತು ಓದಿದ್ರು. ಒಮ್ಮೆ ಓದಿ ಮತ್ತೊಮ್ಮೆ ಓದಿ ಹೊಟ್ಟಿ ಹಿಡಕೊಂಡು ನಕ್ರು.

“ಏನಂತ ಬರಿಸಿ ಬಂದೀಯವಾ ತಂಗಿ? ಅರ್ಜಿದಾರಗ ಆನಿಕಾಲು ರೋಗ ಐತಂತ. ಗಾಡಿಗೆ ಪರವಾನಗಿ ಕೊಡೂದಿಲ್ಲಂತ. ರೋಗ ಮಂದಿಗೆ ಹತ್ತಬಾರದಂತ ಇನ್ನ ಮುಂದ ಬಜಾರದಾಗ ಕೂಡೂದೂ ಬಂದ್.”

ಕಡೀ ಮಾತು ಓದೂದ್ರಾಗ ಮಾಸ್ತರ ನಗಿ ನಿಂತಿತ್ತು. ಕೈಯಾರೆ ಗಂಡನ ಬಾಯಾಗ ಮಣ್ಣು ಹಾಕಿದ್ನೆಲ್ಲಾ ಅಂತ ತುಳಜಾಬಾಯಿ ಹಣಿ ಬಡಕೊಂಡ್ಲು.

“ಇಲ್ಲದ ಕಾಲಿಗೂ ಬ್ಯಾನಿ ಹಚ್ಚಿ ಬಂದಿ ನೀ” ಅಂದ ಖಂಡಪ್ಪ. ಅಷ್ಟ. ಬೈದಿದ್ರ ಆಕಿಗೆ ಹಗರ ಆಗ್ತಿತ್ತು.

ಮುಂದಿನ ಸೊಲ್ಲಾಪುರದ ಫೇರಿಗೆ ಇಬ್ಬರೂ ಹೋದ್ರು. ಈ ಸಲ ಖಂಡಪ್ಪನ ಕಚೇರಿ ಮಟಾ ನಡದ. ಹತ್ತು ಹೆಜ್ಜಿಗೊಮ್ಮೆ ನಿಂತ, ಅಂಗಡಿ ಕಟ್ಟಿ ಸಿಕ್ಕಲ್ಲಿ ಕುಂತ. ಮೆಟ್ಟಲ ಹತ್ರ ಬಡಗಿ ಆಕಿ ಕೈಯಾಗ ಕೊಟ್ಟು, ಕೈ ಊರಿ, ಕುಂತಕೋತನ ಒಂದೊಂದ ಮೆಟ್ಟಲಾ ಏರಿದ. ಆಕಿ ಹಿಂದ ಹಿಂದ ಹತ್ತಿದ್ಲು, ಅಂವನ ಕೈ ಬಿಟ್ಟು ಬ್ಯಾರೆ ಕಡೆ ನೋಡಲಿಲ್ಲ.

ಕಾರಕೂನ ಚಸ್ಮಾ ಏರಿಸಿ ನೋಡಿದ. ಕಾಗದ ನೋಡಿದ, ಖಾಲಿ ಧೋತರದ ಅಂಚು ನೋಡಿದ.

“ಆನಿಕಾಲು ಎಲ್ಲಿ?” ಅಂತ ಮರಾಠ್ಯಾಗ ಕೇಳಿದ.

“ನಮ್ಮ ಮನ್ಯಾಕಿ ಬಾಯಾಗ ಐತ್ರಿ” ಅಂದ ಖಂಡಪ್ಪ, ಏದುಸಿರು ಬಿಟಗೋತ. “ನಿಮ್ಮ ಕಣ್ಣಿಗೆ ಕಾಣತೈತೆಲ್ರಿ, ತಿದ್ದಕೋರಿ.”

ಕಾರಕೂನ ಕೆಟ್ಟಾಂವಲ್ಲ. ಆದ್ರ ಅಂವನ ಮ್ಯಾಲ ಸಾಹೇಬ, ಸಾಹೇಬನ ಮ್ಯಾಲ ಕಾಗದ. ಕಣ್ಣಿಗೆ ಕಂಡದ್ದು ನಡ್ಯೂದಿಲ್ಲ, ಹೇಳಿಕಿ ಕೊಟ್ಟಾಕಿ ಈ ಬಾಈ, ಹೆಬ್ಬಟ್ಟು ಈಕಿದು, ಸುಳ್ಳಾತಂದ್ರ ಈಕಿನ ತಿದ್ದಬೇಕು, ಬಾಯಿ ಬಿಟ್ಟು ಹೇಳಬೇಕು ಅಂದ. ಹೊಸಾ ಹಾಳಿ ತಗದು ಲೇಖಣಿ ಮಸಿಯಾಗ ಅದ್ದಿದ.

ತುಳಜಾಬಾಯಿ ಸೆರಗು ಬಾಯಿಗೆ ಹಿಡದು ನಿಂತ್ಲು. ಹೆಚ್ಚಾಗೈತಿ ಅನ್ನೂಹಂಗಿಲ್ಲ. ಅದರ ಉಲ್ಟಾ ಮಾತು ಹುಡುಕಿದ್ಲು, ಒಂದು ಸಿಕ್ಕಿತು.

“ಕಮೀ ಝಾಲಾ, ಸಾಹೇಬ.” ಕಡಿಮಿ ಆಗೈತಿ.

“ಕಡಿಮಿ ಆತೇನು? ಗುಣ ಆತಂದ್ರ ಪರವಾನಗಿ ಯಾಕ?” ಅಂತ ಕಾರಕೂನ ಲೇಖಣಿ ಇಟ್ಟುಬಿಟ್ಟ.

ಆಕಿಗೆ ಅಳು ಬಂತು. ಯಾರಿಗೆ ಹೇಳೂದು? ಎರಡು ವರ್ಸ ಆ ಮಾತು ಹಲ್ಲು ಕಚ್ಚಿ ಹಿಡದಿದ್ಲು. ಅಂದಿಲ್ಲಂದ್ರ ಆಗಿಲ್ಲ ಅಂತನ ಆಕಿ ಲೆಕ್ಕ. ಕಾಲು ಎಲ್ಲೋ ಊರಿಗೆ ಹೋಗೈತಿ, ಬೀರೋಬಾ ದೇವ್ರು ಮನಸ ಮಾಡಿದ್ರ ತಿರಗಿ ಬಂದೀತು ಅಂತ ಹುಚ್ಚಿ ಹಂಗ ನಂಬಿದ್ಲು. ಈಗ ತಾನ ‘ಇಲ್ಲ’ ಅಂದ್ರ ಕಡದಂವ ಡಾಕ್ಟರ ಅಲ್ಲ, ತಾನ. ಅಸ್ತು ಅನ್ನೂ ದೇವತಿಗೋಳು ಇಲ್ಲೂ ಇರ್ತಾವಲ್ಲ, ಈ ಹಳೇ ಕಾಗದದ ವಾಸನ್ಯಾಗೂ.

ಖಂಡಪ್ಪ ಗ್ವಾಡಿಗೆ ಆತು ನಿಂತಿದ್ದ. ಮಾರಿಮ್ಯಾಲ ಬೆವರು ಇಳ್ಯಾಕತ್ತಿತ್ತು.

“ಅನ್ನು, ತುಳಜಾ” ಅಂದ ಸಣ್ಣ ದನಿಲೆ. “ಎರಡು ವರ್ಸಾತು, ಆ ಮನ್ಯಾಗ ನಾ ಒಬ್ಬನ ಕುಂಟ ಇದ್ದೀನಿ. ದಿನಾ ಮುಂಜಾನಿ ಎದ್ದು ನನಗ ನಾನ ಹೇಳಕೋತೀನಿ ಕಾಲಿಲ್ಲಂತ. ನೀ ಒಮ್ಮೆನೂ ಜೋಡಿ ಆಗಲಿಲ್ಲ. ಒಬ್ಬನ ಹೇಳಕೊಂಡು ಹೇಳಕೊಂಡು ದಣದೀನಿ ನಾ.”

ತುಳಜಾಬಾಯಿ ಗಂಡನ ಮಾರಿ ನೋಡಿದ್ಲು. ಇಷ್ಟು ದಿನ ತಾ ಅಂವನ ಸಲವಾಗಿ ಬಾಯಿ ಕಟ್ಟಿದ್ದೆ ಅನ್ಕೊಂಡಿದ್ಲು. ಸೆರಗು ಬಿಟ್ಟು ಕಾರಕೂನನ ಕಡೆ ತಿರಗಿದ್ಲು.

“ಕಾಲಿಲ್ರಿ” ಅಂದ್ಲು. ಮರಾಠಿ ಬರಲಿಲ್ಲ ಆಕಿಗೆ. “ನಮ್ಮವರಿಗೆ ಎಡಗಾಲಿಲ್ಲ. ಕಡದಾರ. ಹೋಗೈತಿ.”

ಆ ಕನ್ನಡ ಕಾರಕೂನಗ ತಿಳೀತು. ‘ಡಾವಾ ಪಾಯ ನಾಹೀ’ ಅಂತ ಬರದ, ಹೆಬ್ಬಟ್ಟು ಒತ್ತಿಸಿಕೊಂಡ, ಒಳಗ ಹೋಗಿ ಸಿಕ್ಕಾ ಹಾಕಿಸಿ ತಂದ. ಬಜಾರದಾಗ ಕೂಡಾಕೂ ಅಡ್ಡಿ ಇಲ್ಲ, ಪರವಾನಗಿ ಒಂದು ವರ್ಸದ್ದು, ಮುಂದಿನ ವರ್ಸ ಬಂದು ಕಾಲು ಹೆಂಗೈತಿ ಅಂತ ಮತ್ತ ಬರಿಸಬೇಕು ಅಂದ.

“ವರ್ಸದಾಗ ಚಿಗೀತೈತೇನ್ರಿ?” ಅಂದ ಖಂಡಪ್ಪ.

“ಕಾಯ್ದೆ ಹಂಗೈತಿ” ಅಂದ ಕಾರಕೂನ.

“ಬರತೀನ್ರಿ” ಅಂದ್ಲು ತುಳಜಾಬಾಯಿ. “ವರ್ಸಾ ಬಂದು ನಾನ ಹೇಳತೀನಿ, ಇಲ್ಲಂತ.”

ಮೆಟ್ಟಲಾ ಅರ್ಧಾ ಇಳದು ಆಕಿ ನಿಂತ್ಲು. ಅಲ್ಲೇ ಕುಂತು, ಎರಡು ವರ್ಸದ ಹಿಂದ ದವಾಖಾನ್ಯಾಗ ಅಳಬೇಕಾದ ಅಳು ಅತ್ಲು. ಹತ್ತಾವರು ಇಳ್ಯಾವರು ಬಾಜೂಕ ಸರದು ಹೋದ್ರು. ಖಂಡಪ್ಪ ಮ್ಯಾಲಿನ ಮೆಟ್ಟಲಿಂದ ಜರಗಿ ಬಂದು ಆಕಿ ಮಗ್ಗಲಾಗ ಕುಂತ. ಸುಮ್ಮನಿರು ಅನ್ನಲಿಲ್ಲ. ಕೆಳಗ ಬಜಾರ ತುಂಬಿತ್ತು, ಚಲೋ ಗಿರಾಕಿ ಮನಿಗೆ ಹೊಂಡೂ ಹೊತ್ತು, ಇಬ್ಬರೂ ಏಳಲಿಲ್ಲ.