ಮೂರಡಿ ದೂರದ ಚೆಂಡು

ಚಟ್ಟಕ್ಕೆಂದು ಬಿದಿರು ಹೊತ್ತು ತಂದ ಪಾತಣ್ಣ ಅಂಗಳದಲ್ಲಿ ಎಡವಿ, ತಮ್ಮನ ಹೆಣದ ಎದುರಿಗೇ ದೊಪ್ಪನೆ ಕೂತ. ಹೆಬ್ಬೆರಳು ಏನಕ್ಕೋ ಸಿಕ್ಕಿಕೊಂಡಿತ್ತು. ನೋಡಿದರೆ, ನೆಲದ ಸಮಕ್ಕೆ ಹೂತಿಟ್ಟ ಸ್ಟೀಲ್ ಲೋಟ. ಅಲ್ಲಿಂದ ಮೂರಡಿ ಆಚೆ, ಗೇಣಿಗಿಂತ ಕಡಿಮೆ ಅಂತರದಲ್ಲಿ ಬಡಿದ ಎರಡು ಮೊಳೆ. ಮೊಳೆಗಳ ನಡುವಿನಿಂದ ಲೋಟದವರೆಗೆ ಸುಣ್ಣದ ಗೆರೆ. ಪಾತಣ್ಣನಿಗೆ ಬೆರಳಿನ ನೋವು ಮರೆತೇ ಹೋಯಿತು.

"ಮಾರುತೇಶ, ಬಾರ್ಲೇ ಇಲ್ಲಿ. ನಿಮ್ಮಪ್ಪ ಸುಮ್ಮನೆ ಸತ್ತಿಲ್ಲ. ಯಾರೋ ಮಾಡ್ಸಿದಾರೆ."

ಮಾರುತೇಶ ಸತ್ತ ಚಿನ್ನಯ್ಯನ ಒಬ್ಬನೇ ಮಗ. ಚಳ್ಳಕೆರೆಯಲ್ಲಿ ಮೋಟಾರ್ ರಿಪೇರಿ ಮಾಡುವವನು. ಗೌರಸಮುದ್ರದ ಈ ಮನೆಗೆ ಕೊನೆಯ ಸಲ ಬಂದು ಹೋಗಿ ಆರು ತಿಂಗಳಾಗಿತ್ತು. ಅವನು ಮೊಳೆ ನೋಡಿದ, ಗೆರೆ ನೋಡಿದ, ಅವ್ವನ ಮುಖ ನೋಡಿದ.

ಹೆಣದ ತಲೆಯ ಹತ್ತಿರ ಕೂತಿದ್ದ ಕೆಂಚಕ್ಕ, "ಮಾಟ ಅಲ್ಲ ಬಾವ. ಅವರೇ ಹೂತಿದ್ದು," ಎಂದಳು.

"ಯಾವನಾದ್ರೂ ತನ್ನ ಮನೆ ಮುಂದೆ ತಾನೇ ಮೊಳೆ ಹೊಡ್ಕಂತಾನೇನಮ್ಮ?"

"ಚೆಂಡು ಆಡಾಕೆ."

ಹಿಂದೆ ಯಾರೋ ನಕ್ಕು, ಸಾವಿನ ಮನೆ ಎಂದು ನೆನಪಾಗಿ ಕೆಮ್ಮಿದರು. ಅರವತ್ತಾರರ ಮುದುಕನಿಗೆ ಅಂಗಳದಲ್ಲಿ ಚೆಂಡಾಟ. ಪಾತಣ್ಣನ ಕಣ್ಣು ಆಗಲೇ ಪಕ್ಕದ ಮನೆ ವೀರಮ್ಮನ ಮೇಲೆ ಹೋಗಿ ನಿಂತಿತ್ತು. ಎರಡು ವರ್ಷದ ಹಿಂದೆ ಬಚ್ಚಲ ನೀರಿಗಾಗಿ ಎರಡು ಮನೆಗೂ ಜಗಳವಾಗಿತ್ತು. ಅದು ಮೂರೇ ದಿನಕ್ಕೆ ಮುಗಿದದ್ದು ಯಾರಿಗೂ ನೆನಪಿರಲಿಲ್ಲ. ಆಗಿದ್ದು ಮಾತ್ರ ಊರಿಗೆಲ್ಲ ನೆನಪಿತ್ತು. ಬೆಳಗಿನಿಂದ ಕೆಂಚಕ್ಕನ ತೋಳು ಹಿಡಿದು ಕೂತಿದ್ದ ವೀರಮ್ಮ ಕೈ ಬಿಟ್ಟಳು.

*

ಚಿನ್ನಯ್ಯ ಇಪ್ಪತ್ತು ವರ್ಷ ಎಣ್ಣೆ ಮಿಲ್ಲಿನ ಚಿಕ್ಕಬಸಪ್ಪನವರ ತೋಟದಲ್ಲಿ ಮಾಲಿ. ಸಾಹುಕಾರರಿಗೆ ಗಾಲ್ಫ್ ಹುಚ್ಚು ಹಿಡಿದಾಗ, ಶೇಂಗಾ ಬೆಳೆಯುವ ಕೆಂಪು ನೆಲದಲ್ಲಿ ನಾಲ್ಕು ಗುಂಟೆ ಹುಲ್ಲು ಎಬ್ಬಿಸಿ, ಕಂಬಳಿ ಹಾಸಿದಂತೆ ಗಿಡ್ಡಕ್ಕೆ ಕತ್ತರಿಸಿ ಕೊಟ್ಟವನು ಅವನು. ಸಾಹುಕಾರರು ದೂರದ ಹೊಡೆತದಲ್ಲಿ ಭೀಮ. ಗುಳಿ ಇನ್ನು ಮೂರಡಿ ಇದೆ ಎನ್ನುವಾಗ ಮಾತ್ರ ಕೈಗೆ ಬಂದ ತುತ್ತು ಬಾಯಿಗೆ ಬರುತ್ತಿರಲಿಲ್ಲ. ಬೆಂಗಳೂರಿನ ಕೋಚು ಹೇಳಿ ಹೇಳಿ ಸುಸ್ತಾದ. ಹುಲ್ಲು ಕತ್ತರಿಸುತ್ತ ಕೇಳಿಸಿಕೊಂಡ ಚಿನ್ನಯ್ಯ ಒಂದನ್ನೂ ಮರೆಯಲಿಲ್ಲ. ಕೋಲು ಎರಡು ಮೊಳೆಗಳ ನಡುವೆ ತಾಗದೆ ಹೋಗಿ ಬರಬೇಕು. ಗುಳಿ ಚಿಕ್ಕದಿದ್ದಷ್ಟೂ ಅಭ್ಯಾಸಕ್ಕೆ ಒಳ್ಳೆಯದು. ಎಲ್ಲಕ್ಕಿಂತ ದೊಡ್ಡದು, ಹೊಡೆದ ಮೇಲೆ ತಲೆ ಎತ್ತಬಾರದು. ಚೆಂಡು ಬಿತ್ತೆಂದು ಕಿವಿ ಹೇಳಬೇಕು, ಕಣ್ಣಲ್ಲ.

ಸಾಹುಕಾರರು ಬಿಸಾಡಿದ ಹಳೆಯ ಕೋಲು ತಂದು, ಊರು ನಕ್ಕೀತೆಂದು ಬೀದಿ ಬಾಗಿಲು ಹಾಕಿಕೊಂಡು, ಸಗಣಿ ಸಾರಿಸಿದ ಅಂಗಳದಲ್ಲಿ ಯಾರ ಕಣ್ಣಿಗೂ ಬೀಳದಂತೆ ದಿನಾ ಸಂಜೆ ನೂರು ಹೊಡೆಯುತ್ತಿದ್ದ. ನೂರಕ್ಕೆ ನೂರೂ ಲೋಟಕ್ಕೆ.

"ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದಂಗಾತು ನಿಮ್ದು," ಎಂದು ಕೆಂಚಕ್ಕ ರೇಗಿಸುತ್ತಿದ್ದಳು.

"ಲೇ ಕೆಂಚಿ, ಈ ಸೀಮೆಗೆಲ್ಲ ಮೂರಡಿ ತಪ್ಪದೇ ಇರೋನು ನಾನೊಬ್ನೇ ಕಣೆ. ಅದೊಂದಾದ್ರೂ ಇರ್ಲಿ ಬಿಡು."

*

ಹೋದ ವರ್ಷ ಅವನ ಬಲಗೈ ನಡುಗಲು ಶುರುವಾಯಿತು. ದಾವಣಗೆರೆಯ ಡಾಕ್ಟರು ಮಾತ್ರೆ ಬರೆದು, ಒಂದು ಹೊತ್ತೂ ತಪ್ಪಿಸಬೇಡಿ ಎಂದರು. ಕೆಲಸ ಬಿಟ್ಟು ಮನೆಯಲ್ಲೇ ಉಳಿದ. ಮೊದಲ ಸಂಜೆ ಹತ್ತು ಹೊಡೆದ. ಹತ್ತೂ ಲೋಟದ ಪಕ್ಕಕ್ಕೆ ಹೋದವು. ಅವತ್ತು ಅವನು ಉಣ್ಣಲಿಲ್ಲ. ಗೋಡೆ ಕಡೆ ತಿರುಗಿ ಮಲಗಿದ ಆ ಬೆನ್ನನ್ನೇ ನೋಡುತ್ತ ಕೆಂಚಕ್ಕ ಬಹಳ ಹೊತ್ತು ಕೂತಳು.

ಮಾರನೆಯ ಸಂಜೆ ಅವಳು ಅಕ್ಕಿ ಆರಿಸುವ ನೆಪದಲ್ಲಿ ಲೋಟದ ಪಕ್ಕದಲ್ಲೇ ಕೂತಳು. ಅವನು ಹೊಡೆದು, ಕಲಿತಂತೆ ತಲೆ ಎತ್ತದೆ ಕಿವಿಗೊಟ್ಟು ನಿಂತ. ಪಕ್ಕಕ್ಕೆ ಹೊರಟ ಚೆಂಡನ್ನು ಅವಳು ಬೆರಳಲ್ಲಿ ಒಳಗೆ ತಳ್ಳಿದಳು. ಟಣ್ ಎಂದಿತು. ಅವನ ಮುಖ ಅರಳಿತು. ಆಮೇಲೆ ಐದು ತಿಂಗಳು ಒಂದು ಚೆಂಡೂ ತಪ್ಪಲಿಲ್ಲ.

"ಕೈ ನಡುಗಿದ್ರೇನು, ಚೆಂಡು ಬೀಳ್ತೈತೆ. ಇನ್ನು ಮಾತ್ರೆ ಯಾಕೆ?" ಎಂದು ಒಂದು ದಿನ ಅವನು ಮಾತ್ರೆ ನಿಲ್ಲಿಸಿದ. ಅವಳು ಬೈದಳು, ಅತ್ತಳು, ನಿಜವೊಂದನ್ನು ಹೇಳಲಿಲ್ಲ. ನಾಳೆ ಹೇಳೋಣ, ನಾಳೆ ಹೇಳೋಣ ಎಂದು ಹತ್ತು ದಿನ ಕಳೆದಳು. ನಿನ್ನೆ ಬೆಳಿಗ್ಗೆ, ಸಾಹುಕಾರರಿಗೆ ಹೊಡೆದು ತೋರಿಸಿ ಮತ್ತೆ ಕೆಲಸಕ್ಕೆ ಸೇರುತ್ತೇನೆಂದು ಅವನು ಕೋಲು ಹಿಡಿದು ಬಸ್ಸು ಹತ್ತಿದ. ತೋಟದ ಹತ್ತಿರ ಇಳಿಯುವಾಗ ಕಾಲು ಸೆಟೆದು ಬಿದ್ದ. ತಲೆ ಕಲ್ಲಿಗೆ ಬಡಿಯಿತು.

*

ಸಾಹುಕಾರರು ಬರಲಿಲ್ಲ. ಡ್ರೈವರ್ ಕೈಲಿ ದೊಡ್ಡ ಹಾರ ಕಳಿಸಿದ್ದರು. ಕೆಂಚಕ್ಕ ಅವನನ್ನು ಹಿಡಿದುಕೊಂಡಳು.

"ತೋಟದಾಗೆ ಈ ಆಟ ನೋಡಿದೀಯಲ್ಲಪ್ಪ. ಇವರಿಗೊಂಚೂರು ಹೇಳು."

"ನಾನು ಸೇರಿ ಒಂದು ತಿಂಗ್ಳಾತಮ್ಮ. ನಂಗೇನೂ ಗೊತ್ತಿಲ್ಲ," ಎಂದು ಅವನು ಹಾರ ಹಾಕಿ, ಕೈಮುಗಿದು ಹೋದ.

ಪಾತಣ್ಣ ಹಾರೆಯಿಂದ ಲೋಟ ಕಿತ್ತ, ಮೊಳೆ ಕಿತ್ತ, ಎರಡನ್ನೂ ಬಟ್ಟೆಯಲ್ಲಿ ಸುತ್ತಿಟ್ಟ. "ಮೊದ್ಲು ಮಣ್ಣಾಗ್ಲಿ, ಆಮೇಲೆ ಆ ವೀರಮ್ಮನ್ನ ಕೇಳ್ತೀನಿ. ಈ ಲೋಟಾನೇ ನನ್ನ ತಮ್ಮನ್ನ ತಿಂದಿದ್ದು."

ಲೋಟ ತಿಂದದ್ದು ನಿಜವೇ ಎಂದು ಕೆಂಚಕ್ಕನಿಗೆ ಗೊತ್ತಿತ್ತು. ವೀರಮ್ಮ ಸೆರಗು ಹೊದ್ದು ತನ್ನ ಮನೆ ಕಡೆ ಹೊರಟಿದ್ದಳು. ಅದನ್ನು ನೋಡಿ ಕೆಂಚಕ್ಕ ಎದ್ದು ನಿಂತಳು.

"ಅವಳಲ್ಲ ಬಾವ. ತಪ್ಪು ನಂದು. ಚೆಂಡು ಬೀಳ್ತಾನೇ ಇರ್ಲಿಲ್ಲ, ನಾನು ಬೆರಳಲ್ಲಿ ತಳ್ತಿದ್ದೆ. ಚೆಂಡು ಬೀಳ್ತೈತೆ ಅಂತ ಅವರು ಮಾತ್ರೆ ಬಿಟ್ರು, ಅದ್ಕೇ ಬಿದ್ರು. ನಾನು ಹೇಳಿದ್ರೆ ಬದುಕ್ತಿದ್ರು."

ಹೇಳಿದ್ದಾಯಿತಲ್ಲ ಎಂದು ಅವಳು ಉಸಿರು ಬಿಟ್ಟಳು.

"ಅವ್ವ ನಿನ್ನೆಯಿಂದ ನೀರೂ ಕುಡಿದಿಲ್ಲ, ಏನೇನೋ ಅಂತಾಳೆ," ಎಂದ ಮಾರುತೇಶ ಮೆಲ್ಲಗೆ.

"ಇವಳಿಗೂ ಮಾಡ್ಸಿದಾಳೆ ನೋಡ್ರಿ," ಎಂದ ಪಾತಣ್ಣ.

ಕೆಂಚಕ್ಕ ಬೆರಳು ಎತ್ತಿ ತೋರಿಸಿ ಮತ್ತೆ ಹೇಳಿದಳು, ಮೊದಲಿಂದ ಹೇಳಿದಳು. ಹೇಳಿದಷ್ಟೂ ಅವರ ಅನುಮಾನ ಗಟ್ಟಿಯಾಯಿತು. ಇಬ್ಬರು ಹೆಂಗಸರು ಅವಳ ರಟ್ಟೆ ಹಿಡಿದು, "ಸುಮ್ನಿರವ್ವ, ಸುಮ್ನಿರು," ಎಂದು ಬಾಗಿಲಿಗೆ ಕರೆತಂದರು. ಮಸಣಕ್ಕೆ ಹೆಂಗಸರು ಹೋಗುವ ಪದ್ಧತಿ ಇಲ್ಲ.

ತಮಟೆ ಶುರುವಾಗಿ ಹೆಣ ಎದ್ದಿತು. ಬೀದಿಯ ಒಂದೊಂದು ಮನೆಯವರೂ ಹೊಸಿಲಿಗೆ ಬಂದು ಹೋಗುವವನ ಮೇಲೆ ಹೂ, ಮಂಡಕ್ಕಿ ಎರಚುವುದು ವಾಡಿಕೆ. ವೀರಮ್ಮನೂ ತನ್ನ ಬಾಗಿಲಲ್ಲಿ ತಟ್ಟೆ ತುಂಬ ಸೇವಂತಿಗೆ ಹಿಡಿದು ನಿಂತಿದ್ದಳು. ಅವಳ ಮನೆ ನಾಲ್ಕು ಹೆಜ್ಜೆ ಇದೆ ಎನ್ನುವಾಗ ಪಾತಣ್ಣ ಕೈ ಎತ್ತಿದ. ಹೊತ್ತವರು ತಿರುಗಿ, ಹುಲ್ಲಿನ ಬಣವೆಯ ಹಿಂದಿನ ಜಾಲಿಮುಳ್ಳಿನ ದಾರಿ ಹಿಡಿದರು.

ಕೆಂಚಕ್ಕ ಕೊಸರಿಕೊಂಡಳು. ಹೆಂಗಸರು ರಟ್ಟೆ ಬಿಡಲಿಲ್ಲ. ತಮಟೆಯ ಸದ್ದು ಬಣವೆ ದಾಟಿ ದೂರವಾಗುವವರೆಗೂ ವೀರಮ್ಮ ಹಾಗೇ ನಿಂತಿದ್ದಳು. ಆಮೇಲೆ ತಟ್ಟೆಯಿಂದ ಒಂದು ಹಿಡಿ ಹೂ ತೆಗೆದು, ಯಾರೂ ಹಾಯದ ಬೀದಿಗೆ ಎರಚಿದಳು.