ಎರಡು ಕುದುರೆ, ಒಂದೇ ಗಾಯ

ಹಳೆಯ ಬೆಳ್ಳಿ ನಾಣ್ಯ ಕೂಡಿಡುವವರೆಲ್ಲ ಅವಳನ್ನು ನಾಣ್ಯದಮ್ಮ ಎಂದೇ ಕರೆಯುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಅವರ ತಕ್ಕಡಿ, ಭೂತಗನ್ನಡಿ, ಕಿಟಕಿ ಪಕ್ಕದ ಮೇಜು ಎಲ್ಲ ಅವಳ ಪಾಲಿಗೆ ಬಂದವು, ಜೊತೆಗೆ ಅವರ ಹೆಸರೂ ಬಂತು. ಯಜಮಾನರು ಅಸಲಿ ಅಂದರೆ ಮುಗಿಯಿತು, ಜನ ಕಣ್ಣು ಮುಚ್ಚಿಕೊಂಡು ನಂಬುತ್ತಿದ್ದರು. ಕಣ್ಣು ಮುಚ್ಚಿಕೊಂಡು ನಂಬುವವರು ಈ ವ್ಯವಹಾರಕ್ಕೆ ಯಾಕಾದರೂ ಬರುತ್ತಾರೋ, ಆ ಮಾತು ಬೇರೆ.

ಅವತ್ತು ಬೆಳಿಗ್ಗೆ ಬಂದವರು ಗಡಿಯಾರ ರಿಪೇರಿಯ ಮುದುಕರು. ಜೇಬಿನಿಂದ ಬಟ್ಟೆಯ ಗಂಟು ತೆಗೆದು ಮೇಜಿನ ಮೇಲೆ ಬಿಚ್ಚಿದರು. ಒಳಗೊಂದು ಬೆಳ್ಳಿ ನಾಣ್ಯ.

"ಅಂಗಡಿ ಮುಚ್ತಾ ಇದೀನಮ್ಮ. ಕೈ ನಡುಗುತ್ತೆ, ಮುಳ್ಳು ಕೂರಿಸೋಕೂ ಆಗಲ್ಲ. ಇದನ್ನ ಕೊಟ್ಟುಬಿಡೋಣ ಅಂತ. ತಗೊಳ್ಳೋರು ನಿಮ್ಮದೊಂದು ಮಾತು ಬೇಕು ಅಂದ್ರು. ಯಜಮಾನರ ಕೈಯಿಂದಲೇ ತಗೊಂಡಿದ್ದು, ನೀವು ನೋಡೋದೇ ಬೇಡ."

"ನೋಡದೆ ಹೇಳಿದ್ರೆ ಅವರೇ ಎದ್ದು ಬಂದು ಬೈತಾರೆ," ಎಂದು ನಕ್ಕಳು.

ಗಂಡ ಕಲಿಸಿದ ಕ್ರಮವನ್ನು ಅವಳು ಯಾವತ್ತೂ ಬಿಟ್ಟವಳಲ್ಲ: ಮೊದಲು ತೂಕ, ಆಮೇಲೆ ನಾದ, ಆಮೇಲೆ ಅಂಚು, ಮುಖ ಕೊನೆಗೆ. ಮುಖ ನೋಡಿದರೆ ಮನಸ್ಸು ಸೋಲುತ್ತದೆ ಎನ್ನುತ್ತಿದ್ದರು ಅವರು. ತೂಕ ಒಂದು ಕೂದಲೆಳೆಯಷ್ಟು ಕಡಿಮೆ, ಸವೆದಿರಬಹುದು ಅಂದುಕೊಂಡಳು. ಮರದ ಹಲಗೆಯ ಮೇಲೆ ಬೀಳಿಸಿದಾಗ ನಾದ ಸ್ವಲ್ಪ ಬೇಗ ಸತ್ತಿತು. ಅಂಚಿನ ಒಂದು ಕಡೆ, ಎರಕದ ಗುರುತು ಮರೆಸುವವರು ಉಜ್ಜುವ ಹಾಗೆ, ಅರ ಉಜ್ಜಿದ ಗೆರೆಗಳಿದ್ದವು. ನಗು ಅಲ್ಲಿಗೇ ನಿಂತಿತು. ಮುಖ ತಿರುಗಿಸಿದಳು. ಓಡುವ ಕುದುರೆ, ಅದರ ಮುಂಗಾಲಿನ ಮಂಡಿಯ ಮೇಲೆ ಓರೆಯಾಗಿ ಒಂದು ಗಾಯ.

ಆ ಗಾಯ ಮಾಡಿದವಳು ಅವಳೇ. ಮದುವೆಯಾದ ಹೊಸತರಲ್ಲಿ, ಗಂಡ ಎಲ್ಲಕ್ಕಿಂತ ಹೆಚ್ಚು ಜೋಪಾನ ಮಾಡುತ್ತಿದ್ದ ನಾಣ್ಯವನ್ನು ಒರೆಸಲು ಹೋಗಿ, ಬಾಗಿಲ ಮುಂದಿನ ಕಲ್ಲು ಮೆಟ್ಟಿಲಿನ ಮೂಲೆಗೆ ಬೀಳಿಸಿದ್ದಳು. ಅತ್ತು ಕಣ್ಣು ಕೆಂಪು ಮಾಡಿಕೊಂಡವಳಿಗೆ ಅವರು, "ಅಳ್ತೀಯಾಕೆ? ಇನ್ಮೇಲೆ ಇಂಥದ್ದು ಲೋಕದಲ್ಲಿ ಇದೊಂದೇ. ಕದ್ದೋನೂ ಮಾರೋಕಾಗಲ್ಲ," ಎಂದಿದ್ದರು. ಆ ನಾಣ್ಯ ಒಳಗೆ ಕಪಾಟಿನಲ್ಲಿದೆ. ಒಂದು ದಿನಕ್ಕೂ ಮನೆ ಬಿಟ್ಟು ಹೋದದ್ದಲ್ಲ.

ಕಲ್ಲಿಗೆ ಬಿದ್ದು ಆಗುವ ಗಾಯ ಎರಡು ನಾಣ್ಯಕ್ಕೆ ಒಂದೇ ಥರ ಆಗುವುದಿಲ್ಲ. ಆಗಿದೆ ಅಂದರೆ ಯಾರೋ ಒಂದನ್ನು ಮಣ್ಣಿಗೊತ್ತಿ ಅಚ್ಚು ತೆಗೆದು, ಅದರಲ್ಲಿ ಬೆಳ್ಳಿ ಕರಗಿಸಿ ಹೊಯ್ದಿದ್ದಾರೆ ಎಂದೇ ಅರ್ಥ. ಬೆಳ್ಳಿ ಕರಗಿಸುವ ಮೂಸೆ ಈ ಮನೆಯ ಹಿಂದಿನ ಕೋಣೆಯಲ್ಲಿ ಈಗಲೂ ಇದೆ.

"ಸಂಜೆ ಬನ್ನಿ," ಎಂದು ಮುದುಕರನ್ನು ಕಳಿಸಿದಳು.

ಕಪಾಟಿನಿಂದ ಮನೆಯ ನಾಣ್ಯ ತಂದು ಪಕ್ಕದಲ್ಲಿಟ್ಟಳು. ಇದಾದರೂ ಅಚ್ಚು ತೆಗೆದ ಮೂಲ ನಾಣ್ಯ, ಆ ನಕಲಿನ ತಾಯಿಯಾಗಿರಲಿ ಎಂಬುದೊಂದೇ ಆಸೆ. ನಿಜವಾದ ಪೆಟ್ಟಿನಲ್ಲಿ ಬೆಳ್ಳಿ ಒಂದು ಬದಿಗೆ ಉಬ್ಬಿರುತ್ತದೆ, ಉಗುರು ಎಳೆದರೆ ತಡೆಯುತ್ತದೆ. ಉಗುರು ಎಳೆದಳು, ನುಣ್ಣಗೆ ಜಾರಿತು. ಭೂತಗನ್ನಡಿಯಲ್ಲಿ ನೋಡಿದರೆ ಕುದುರೆಯ ಹೊಟ್ಟೆಯ ಮೇಲೆ ಎರಕದ ಗಾಳಿಗುಳ್ಳೆ ಬಿಟ್ಟ, ಸೂಜಿಮೊನೆಯಂಥ ಗುಳಿಗಳು. ಎರಡೂ ಮಕ್ಕಳೇ. ತಾಯಿ ಎಂದೋ ಮಾರಾಟವಾಗಿ ಹೋಗಿತ್ತು.

ವಾರಕ್ಕೊಮ್ಮೆ ಒರೆಸಿದ್ದಳು, ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸಿದ್ದಳು. ಕನ್ನಡಿಯಡಿ ಮಾತ್ರ ಒಮ್ಮೆಯೂ ಇಟ್ಟಿರಲಿಲ್ಲ. ಊರವರ ನಾಣ್ಯವನ್ನೆಲ್ಲ ಅನುಮಾನದಿಂದ ನೋಡುವವರು ತಮ್ಮ ಮನೆಯದನ್ನು ಯಾಕೆ ನೋಡುತ್ತಾರೆ?

ಆಗ ಅವಳಿಗೆ ಗಂಡನ ಕೊನೆಯ ದಿನಗಳು ನೆನಪಾದವು. ಹಾಸಿಗೆ ಹಿಡಿದವರು, "ಆ ಕುದುರೆ ತಗೊಂಡು ಬಾ, ಒಂದ್ಸಲ ಸರಿಯಾಗಿ ನೋಡು," ಎಂದು ಮತ್ತೆ ಮತ್ತೆ ಕೇಳುತ್ತಿದ್ದರು. ಪಾಪ, ಹಳೆಯ ಆಸೆ ಎಂದುಕೊಂಡು ಅವಳು ಅದನ್ನು ಅವರ ಅಂಗೈಯಲ್ಲಿಟ್ಟು ಬೆರಳು ಮಡಚುತ್ತಿದ್ದಳು. "ನೋಡಿದೀನಿ ಬಿಡಿ, ಇನ್ನೆಷ್ಟು ಸಲ ನೋಡ್ಲಿ?" ಒಮ್ಮೆ ಭೂತಗನ್ನಡಿಯನ್ನೂ ಅವಳತ್ತ ತಳ್ಳಿದರು. ಅವರ ಕಣ್ಣಿಗೆ ಆಯಾಸ ಬೇಡವೆಂದು ಅವಳು ಅದನ್ನು ಎತ್ತಿ ಪೆಟ್ಟಿಗೆಗೆ ಹಾಕಿದ್ದಳು. ಅವರು ಗೋಡೆಯ ಕಡೆ ಹೊರಳಿ ಮಲಗಿದ್ದರು.

ಬಾಯಿಬಿಟ್ಟು ಹೇಳಲಾರದ್ದನ್ನು ಇವಳೇ ಕಂಡುಹಿಡಿಯಲಿ, ಬೈಯಲಿ, ಕೊನೆಗೆ ಹತ್ತಿರ ಕೂರಲಿ ಎಂದುಕೊಂಡಿದ್ದರು. ಅವಳಿಗೆ ಕೋಪವೂ ಬಂತು. ಯಾಕೆ ಮಾಡಿದರು, ಇಂಥವು ಇನ್ನೆಷ್ಟು ಮನೆಗಳಲ್ಲಿವೆ, ಯಾರನ್ನು ಕೇಳುವುದು? ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.

ಸದ್ದು ಕೇಳಿ ಒಳಗಿನಿಂದ ನಾದಿನಿ ಬಂದಳು. ಎಲ್ಲ ಕೇಳಿದ ಮೇಲೆ, "ಅತ್ತಿಗೆ, ಅಸಲಿ ಅಂದುಬಿಡಿ," ಎಂದಳು. "ಅಣ್ಣ ಅಂತೂ ಹೋದ. ಹೆಸರಾದ್ರೂ ಇರ್ಲಿ."

"ಅವರ ಹೆಸರು ಉಳಿಸೋಕೆ ನಾನು ಇನ್ನೊಬ್ಬರಿಗೆ ಟೋಪಿ ಹಾಕ್ಲಾ?"

"ಸತ್ತೋರಿಗೆ ಅಷ್ಟೂ ಮಾಡಬಾರದಾ?"

ಅವಳು ಎದ್ದು ಹೋಗಿ ಮುಖ ತೊಳೆದು ಬಂದು ಕುಳಿತಳು.

ಸಂಜೆ ಮುದುಕರು ಬಂದರು. ಅವಳು ಸುತ್ತಿ ಬಳಸಿ ಹೇಳಲಿಲ್ಲ. "ಇದು ಎರಕ ಹೊಯ್ದಿದ್ದು. ನಕಲಿ."

ತಮಾಷೆ ಎಂದುಕೊಂಡು ಅವರು ನಕ್ಕರು. ಅವಳು ಮನೆಯ ನಾಣ್ಯವನ್ನೂ ಪಕ್ಕದಲ್ಲಿಟ್ಟು ಕನ್ನಡಿ ಕೊಟ್ಟಳು. ಜೀವನವಿಡೀ ಸಣ್ಣ ಹಲ್ಲುಗಳ ಚಕ್ರ ನೋಡಿದ ಕಣ್ಣು, ಎರಡೂ ಗಾಯಗಳನ್ನು ಕಂಡಿತು. ಕನ್ನಡಿ ಕೆಳಗಿಟ್ಟರು.

"ಹಾಗಾದ್ರೆ ಯಜಮಾನರಿಗೂ ಯಾರೋ ಮೋಸ ಮಾಡಿದಾರಮ್ಮ. ಪಾಪ, ಅವರಿಗೆ ಗೊತ್ತಾಗಿಲ್ಲ."

ಬಾಗಿಲಲ್ಲಿ ನಿಂತ ನಾದಿನಿ ಅವಳನ್ನೇ ನೋಡುತ್ತಿದ್ದಳು. ಒಂದು ಹೂಂ ಅಂದಿದ್ದರೆ ಸಾಕಿತ್ತು. ಮುದುಕರು ಅಷ್ಟನ್ನೇ ತೆಗೆದುಕೊಂಡು, ಯಾರನ್ನೂ ಬೈಯದೆ, ಮನೆಗೆ ಹೋಗುತ್ತಿದ್ದರು.

"ಇಲ್ಲ," ಎಂದಳು. "ಈ ಗಾಯ ಆಗಿದ್ದು ಇದೇ ಮನೆ ಮೆಟ್ಟಿಲ ಮೇಲೆ. ಹೊಯ್ದಿದ್ದು ಅವರೇ."

ನಾದಿನಿ ಒಳಗೆ ಹೋಗಿಬಿಟ್ಟಳು. ಮುದುಕರು ಬಟ್ಟೆಯನ್ನು ಮಡಚಿದರು, ಮತ್ತೆ ಬಿಚ್ಚಿದರು.

"ಯಜಮಾನರು ಹೋಗೋ ಮುಂಚೆ ನಿಮಗೆ ಹೇಳಿದ್ರಾ?"

"ನೋಡು ಅಂದ್ರು," ಎಂದಳು ಅವಳು. "ನಾನು ನೋಡ್ಲಿಲ್ಲ."